ಇದ್ದಿಲ ಮೋಟಾರು

ದೇವದುರ್ಗ
೨೦ ಜನವರಿ ೧೯೪೪

ಯಮನಕ್ಕನ ಪಾದಕ್ಕೆ ತಂಗಿಯ ಗಂಡ ವೆಂಕಣ್ಣನ ಶರಣು.

ನಾನು, ಗೋಪಿ ಇಬ್ಬರೂ ಚಲೋ ಇದ್ದೇವೆ. ನೀನು ಚಲೋ ಇರುತ್ತೀ ಎಂಬುದು ಕೇಳದೆಯೇ ಗೊತ್ತು. ಸಿಟ್ಟಿನವರ ಹತ್ತಿರ ಜಡ್ಡು ಸುಳಿಯುವುದಿಲ್ಲ ಎಂದು ನಿಮ್ಮವ್ವನೇ ಹೇಳುತ್ತಾಳೆ.

ಸುದ್ದಿ ಏನೆಂದರೆ, ದೊರೆಸಾನಿಯವರು ಮೋಟಾರು ಮಾರಿಬಿಟ್ಟರು. ನಮ್ಮ ಬುಡ್ಡಿಯನ್ನು, ಆ ಮುದಿ ಗಾಡಿಯನ್ನು! ಸತ್ತ ದೊರೆ ಅದನ್ನು ಮುಂಬಯಿಯಿಂದ ತರಿಸಿದಾಗ ನಾನು ಬತ್ತಲೆ ತಿರುಗುವ ಹುಡುಗ. ಹಿತ್ತಾಳೆಯ ದೀಪ, ಕಟ್ಟಿಗೆಯ ಅರಗಳ ಗಾಲಿ, ಒತ್ತಿದರೆ ಎಮ್ಮೆ ಒದರಿದಂತೆ ಒದರುವ ಹಾರನ್ನು. ಹಿಂದಿನ ಭಾಗವಂತೂ ಗಾಜು, ಮಖಮಲ್ಲಿನ ಪರದೆ ಹಾಕಿದ ಪೂರ್ತಿ ಮುಚ್ಚಿದ ಕೋಣೆ. ದೊರೆಸಾನಿ ಪರರ ಕಣ್ಣಿಗೆ ಬೀಳದೆ ಗೋಷಾದಲ್ಲಿ ಕೂತು ಹೋಗಲೆಂದು ಮಾಡಿಸಿದ್ದು. ನಡೆಸುವವನು ಮುಂದೆ ಬಯಲಿಗೆ ಕೂರಬೇಕು, ನಡುವೆ ಹಲಗೆಯ ಗೋಡೆ. ಇಷ್ಟು ವರ್ಷ ಅದರ ಮೈ ಒರೆಸಿದ ಕೈ ಇದು.

ಕೊಂಡವರು ತಿರುಪತಿ ಸೀಮೆಯ ಜಮೀನ್ದಾರರು. ಹಳೆಯ ಮೋಟಾರು ಎಂದರೆ ಅವರಿಗೆ ಹುಚ್ಚಂತೆ. ಫೆಬ್ರವರಿ ಕೊನೆಗೆ ಅವರ ಮಗಳ ಮದುವೆ. ಅಳಿಯನನ್ನು ಇದರಲ್ಲೇ ಮೆರೆಸಬೇಕಂತೆ. ರೈಲೆಲ್ಲ ದಂಡಿನವರ ಪಾಲಾಗಿದೆ, ಗಾಡಿ ಹೇರುವವರಿಲ್ಲ. ನಾನೇ ರಸ್ತೆಯ ಮೇಲೆ ನಡೆಸಿಕೊಂಡು ಹೋಗಿ ಒಪ್ಪಿಸಬೇಕು. ಪೆಟ್ರೋಲನ್ನು ಯುದ್ಧ ನುಂಗಿದೆ. ಅದಕ್ಕೆ ರಾಯಚೂರಿನ ಪೀರಾ ಸಾಬ್ ಮಿಸ್ತ್ರಿ ಗಾಡಿಯ ಹಿಂದಕ್ಕೆ ಇದ್ದಿಲ ಒಲೆ ಕಟ್ಟಿಕೊಡುತ್ತಾರೆ. ಇದ್ದಿಲು ಕನಲಿ ಹೊರಡುವ ಗಾಳಿ ಕೊಳವೆಯಲ್ಲಿ ಮುಂದೆ ಬಂದು ಇಂಜಿನ್ನು ಓಡಿಸುತ್ತದೆ. ಈಗ ಲಾರಿಗಳೆಲ್ಲ ಹಾಗೇ ಓಡುತ್ತಿವೆ.

ಗೋಪಿಯನ್ನೂ ಕರೆದುಕೊಂಡು ಹೋಗುತ್ತೇನೆ, ಅಕ್ಕಾ. ಮದುವೆಯಾಗಿ ಎಂಟು ವರ್ಷವಾಯಿತು, ತೊಟ್ಟಿಲು ಕಟ್ಟುವ ಯೋಗ ಬರಲಿಲ್ಲ. ತಿರುಪತಿಗೆ ಬರುತ್ತೇವೆಂದು ಮುಡುಪು ಕಟ್ಟಿ ಅದೂ ಹಳೆಯದಾಯಿತು. ಈಗ ದೇವರೇ ಮೋಟಾರು ಕಳಿಸಿದ್ದಾನೆ. ದೊರೆಸಾನಿ ಒಪ್ಪಿದ್ದಾರೆ. ಗೋಪಿ ಆಗಲೇ ಹುಕುಂ ಕೊಡಲು ಸುರುಮಾಡಿದ್ದಾಳೆ: "ನಾ ದೊರೆಸಾನಿ ಸೀಟಿನ್ಯಾಗ ಕುಂಡ್ರತೀನಿ. ನೀ ಮುಂದ ಕುಂತು ಹೊಡಿ. ಹಿಂದ ಹೊಳ್ಳಿ ನೋಡಿದಿ ಅಂದ್ರ ಚಾಕರಿಯಿಂದ ತಗದ್ಹಾಕ್ತೀನಿ!"

ಬರುವಾಗ ಕಲ್ಲೂರಿನ ಮೇಲೆ ಬಂದು, ಮಲ್ಲಟದಲ್ಲಿ ನಿಮ್ಮವ್ವನನ್ನು ಕಂಡು, ರಾಯಚೂರು ಸೇರುತ್ತೇವೆ. ರೊಟ್ಟಿ ಬಡಿದು ಇಟ್ಟಿರು.

ನಿನ್ನ
ವೆಂಕಣ್ಣ

*

ರಾಯಚೂರು
೨೫ ಜನವರಿ ೧೯೪೪

ತಮ್ಮ ವೆಂಕಣ್ಣನಿಗೆ ಯಮನಮ್ಮ ಹರಸಿ ಬರೆಯುವುದು.

ಕಾಗದ ಮುಟ್ಟಿತು. ನಿಮ್ಮ ಬುಡ್ಡಿ ಮಾನ್ವಿಯ ತನಕ ಬಂದರೆ ಅದೇ ಒಂದು ಪವಾಡ. ಅದನ್ನು ತಿರುಪತಿಗೆ ಒಯ್ಯುತ್ತಾನಂತೆ! ಅದೂ ಹಿಂದೆ ಬೆಂಕಿ ಕಟ್ಟಿಕೊಂಡು. ಹೆಂಡತಿಯನ್ನು ಒಲೆಯ ಮಗ್ಗುಲಿಗೆ ಕೂರಿಸಿಕೊಂಡು ದೇಶ ತಿರುಗುವವನನ್ನು ನಾನು ನೋಡಿದ್ದು ಇದೇ ಮೊದಲು.

ಇಲ್ಲಿ ದವಾಖಾನೆಯಲ್ಲಿ ಹೆಣ್ಣುಮಕ್ಕಳ ವಾರ್ಡು ತುಂಬಿ ತುಳುಕುತ್ತಿದೆ. ಡಾಕ್ಟರಮ್ಮನ ಹಿಂದೆ ಬಟ್ಟಲು ಹಿಡಿದು ತಿರುಗಿ ತಿರುಗಿ ನನ್ನ ಕಾಲು ಕಾಲಲ್ಲ. ಮಿಷನ್ನಿನ ಅಮ್ಮನವರು ಅಕ್ಷರ ಕಲಿಸಿದ ಪುಣ್ಯಕ್ಕೆ ಈ ಅನ್ನ ಸಿಕ್ಕಿದೆ, ಹಾಗಾಗಿ ಬೈಯುವುದಿಲ್ಲ.

ಅವ್ವನ ಉಬ್ಬಸ ಚಳಿಗೆ ಜಾಸ್ತಿಯಾಗಿದೆ. ಅವಳನ್ನು ಇಲ್ಲಿಗೇ ಕರೆತಂದಿದ್ದೇನೆ, ಮಲ್ಲಟಕ್ಕೆ ಹೋಗಬೇಡಿ. ಗೋಪಿ ತಿರುಪತಿಗೆ ಹೋಗುತ್ತಾಳೆ ಎಂದರೆ ಮುದುಕಿ ಹಾಸಿಗೆಯಲ್ಲೇ ಕೈ ಮುಗಿದಳು. "ಹೋಗಲಿ ಬಿಡಬೇ. ನಾ ಸಾಯೋದ್ರೊಳಗ ಅಕಿ ಕೂಸಿನ ಮಾರಿ ನೋಡಬೇಕು," ಎನ್ನುತ್ತಾಳೆ.

ಒಂದು ಮಾತು. ಗೋಪಿ ಸಣ್ಣವಳಿದ್ದಾಗಿನಿಂದ ನೋವು ಬಂದರೆ ಬಾಯಿ ಬಿಡುವವಳಲ್ಲ, ನಕ್ಕು ಮರೆಸುತ್ತಾಳೆ. ದಾರಿಯಲ್ಲಿ ಏನೇ ಆದರೂ ನೀನು ನನಗೆ ಬರೆಯಬೇಕು. ಎಲ್ಲಿ ಇಳಿಯುತ್ತೀರಿ, ಯಾವ ಛತ್ರ ಎಂದು ಮುಂಚೆಯೇ ತಿಳಿಸಿದರೆ ನಾನು ಅಲ್ಲಿಗೆ ಕಾಗದ ಹಾಕುತ್ತೇನೆ. ರೊಟ್ಟಿಗೆ ಬರವಿಲ್ಲ, ಬಾ.

ಯಮನಮ್ಮ

*

ಆದೋನಿ
೮ ಫೆಬ್ರವರಿ ೧೯೪೪

ಯಮನಕ್ಕನಿಗೆ ವೆಂಕಣ್ಣನ ಶರಣು.

ಹೊಳೆ ದಾಟಿ, ನಿಜಾಮನ ಸೀಮೆ ಬಿಟ್ಟು, ಆದೋನಿ ಸೇರಿದೆವು. ರಾಯಚೂರಿನಲ್ಲಿ ಗಾಡಿಯ ಹಿಂದೆ ತೂಗುವ ಆ ದೊಡ್ಡ ಕಬ್ಬಿಣದ ಪೀಪಾಯಿ ನೋಡಿ ನೀನು ಮೂಗು ಮುರಿದೆಯಲ್ಲ, ಅದೇ ನಮ್ಮನ್ನು ಗುಡ್ಡ ಹತ್ತಿಸಿತು. ಪೀರಾ ಸಾಬ್ ಮಿಸ್ತ್ರಿಯ ಕೈಗೆ ಬಂಗಾರದ ಕಡಗ ಹಾಕಬೇಕು. ಆದರೆ ಅವರ ಉಪದೇಶ ಬಹಳ. "ವೆಂಕಣ್ಣ, ಗಾಡಿ ನಿಂತ್ರ ಒಲಿ ಖಾಲಿ ಮಾಡು, ಖಿಡಕಿ ಎಲ್ಲಾ ತಗದು ಹವಾ ಆಡಾಕ ಬಿಡು. ಕೊಳವಿ ಸಡ್ಲಾದ್ರ ಬಿಗಿ ಮಾಡು," ಎಂದು ಬಿಡುವಾಗ ಮೂರು ಸಲ ಹೇಳಿದರು. ಒಲೆ ಒಮ್ಮೆ ಖಾಲಿ ಮಾಡಿದರೆ ಮತ್ತೆ ಹೊತ್ತಿಸಿ ಪಂಖ ತಿರುಗಿಸುವಷ್ಟರಲ್ಲಿ ರಟ್ಟೆ ಬಿದ್ದುಹೋಗುತ್ತದೆ. ಅದು ಅವರಿಗೇನು ಗೊತ್ತು! ನಾನು ಒಲೆಯನ್ನು ಆರಲು ಬಿಡುವುದಿಲ್ಲ, ಸಣ್ಣಗೆ ಕನಲುತ್ತಲೇ ಇರುತ್ತದೆ.

ತುಂಗಭದ್ರೆಯಲ್ಲಿ ನೀರು ಮೊಣಕಾಲುದ್ದ, ಆದರೆ ಉಸುಕು. ನಾಲ್ಕು ಎತ್ತು ಹೂಡಿಸಿ ಎಳೆಸಿದೆ. ಕೆಳಗೆ ಬಂಡೆಗಲ್ಲು ಬಡಿದು ಢಣ್ ಎಂದಿತು. ನೋಡಿದೆ, ಹಿಂದಿನ ಸೀಟಿನ ಅಡಿಯಲ್ಲಿ ಹಾಯುವ ಕೊಳವೆಯ ಕೀಲು ಒಂದಿಷ್ಟು ಜಗ್ಗಿತ್ತು. ಹಸಿ ಜೇಡಿ ಮೆತ್ತಿ ಅರಿವೆ ಸುತ್ತಿದ್ದೇನೆ.

ಈಗ ಬರೆಯಬೇಕಾದದ್ದು. ಗೋಪಿಗೆ ನಿನ್ನೆಯಿಂದ ತಲೆ ಸಿಡಿಯುತ್ತಿದೆ. ಬೆಳಿಗ್ಗೆ ತಿಂದದ್ದೆಲ್ಲ ವಾಂತಿಯಾಯಿತು. ತಲೆ ಸುತ್ತುತ್ತದೆ, ಕಾಲಲ್ಲಿ ಬಲವಿಲ್ಲ, ಯಾವಾಗಲೂ ನಿದ್ದೆ ಬಂದವರ ಹಾಗೆ ಕಣ್ಣು ಎಳೆಯುತ್ತವೆ ಎನ್ನುತ್ತಾಳೆ. ಮೋಟಾರಿನ ಕುಲುಕಾಟಕ್ಕೆ ಎಂದು ನಾನೆಂದರೆ ನಗುತ್ತಾಳೆ. "ಯಕ್ಕಗ ಬರಿಬ್ಯಾಡ, ಅಕಿ ದವಾಖಾನಿ ಎತ್ತಿಕೊಂಡ ಬಂದಾಳು!" ನಿನಗೆ ಮಾತು ಕೊಟ್ಟಿದ್ದೆ, ಅದಕ್ಕೆ ಬರೆದೆ.

ಮುಂದೆ ಗುತ್ತಿಯಲ್ಲಿ ಸ್ಟೇಷನ್ನಿನ ಹತ್ತಿರದ ಛತ್ರದಲ್ಲಿ ಇಳಿಯುತ್ತೇವೆ. ಗಾಲಿಯ ಅರ ಎರಡು ಸೀಳಿವೆ, ಬಡಗಿಯನ್ನು ಹುಡುಕಬೇಕು. ನಿನ್ನ ಕಾಗದಕ್ಕೆ ಅಲ್ಲಿ ಕಾಯುತ್ತೇನೆ.

ವೆಂಕಣ್ಣ

*

ರಾಯಚೂರು
೧೦ ಫೆಬ್ರವರಿ ೧೯೪೪

ವೆಂಕಣ್ಣಾ, ಎಲೆ ಪೆದ್ದ ವೆಂಕಣ್ಣಾ!

ನಿನ್ನ ಕಾಗದ ಓದಿ ವಾರ್ಡಿನಲ್ಲೇ ಕೂಗಿಬಿಟ್ಟೆ. ಡಾಕ್ಟರಮ್ಮ ಹಾವು ಬಂತೆಂದು ತಿಳಿದು ಓಡಿ ಬಂದರು. ತಲೆನೋವು, ವಾಂತಿ, ತಲೆಸುತ್ತು, ನಿದ್ದೆ. ಮೋಟಾರಿನ ಕುಲುಕಾಟವಂತೆ! ಇಷ್ಟು ವರ್ಷ ಗಾಡಿ ನಡೆಸಿದ್ದೀ, ಹೆಂಡತಿಯ ಮೈಯ ಗುಟ್ಟು ತಿಳಿಯಲಿಲ್ಲವಲ್ಲೋ. ಗೋಪಿ ಬಸುರಿ ಕಣೋ! ತಿಮ್ಮಪ್ಪ ನೀವು ಬರುವವರೆಗೂ ಕಾಯಲಿಲ್ಲ, ಹೊಸ್ತಿಲು ದಾಟಿದ ಕೂಡಲೇ ಕೊಟ್ಟುಬಿಟ್ಟ. ಕಾಗದದ ಮೇಲೆ ನೀರಿನ ಹನಿ ಕಂಡರೆ ಗಾಬರಿಯಾಗಬೇಡ, ನಾನೇ ಅತ್ತಿದ್ದೇನೆ.

ಈಗ ಕಿವಿಗೊಟ್ಟು ಕೇಳು. ಇಷ್ಟು ವರ್ಷದ ಮೇಲೆ ನಿಂತ ಬಸಿರು, ಗಾಳಿ ಸೋಕಬಾರದು. ಹೊಳೆಯ ಗಾಳಿ, ಅಡವಿಯ ಗಾಳಿ, ಮಸಣದ ಮಗ್ಗುಲಿನ ಗಾಳಿ ಯಾವುದೂ ಬೇಡ. ಆ ಹಿಂದಿನ ಕೋಣೆಯ ಗಾಜು ಏರಿಸಿ, ಸಂದಿಗಳಿಗೆಲ್ಲ ಅರಿವೆ ತುರುಕು. ಪರದೆ ಎಳೆ. ಕೌದಿ ಹೊದಿಸಿ ಮಲಗಿಸು, ತಲೆಗೆ ಬಟ್ಟೆ ಕಟ್ಟಲಿ. ನಿದ್ದೆ ಬಂದರೆ ಎಬ್ಬಿಸಬೇಡ, ಬಸುರಿಯ ನಿದ್ದೆ ಕೂಸಿನ ನಿದ್ದೆ. ದಾರಿಯಲ್ಲಿ ಯಾರ ಮುಂದೆಯೂ ಬಾಯಿ ಬಿಡಬೇಡ, ದೃಷ್ಟಿಯಾದೀತು. ಕೆಟ್ಟ ಸುದ್ದಿ ಅವಳ ಕಿವಿಗೆ ಬೀಳಕೂಡದು.

ಮುಟ್ಟು ಯಾವಾಗ ನಿಂತಿತೆಂದು ಅವಳನ್ನು ಕೇಳಿ ಬರೆ. ನಾಚಿಕೊಳ್ಳಬೇಡ, ನಾನು ದವಾಖಾನೆಯವಳು.

ಅವ್ವ ಆರಾಮ ಇದ್ದಾಳೆ. ಅವಳ ಚಿಂತೆ ಬಿಡಿ.

ನಿಮ್ಮ ಯಮನಕ್ಕ

*

ಗುತ್ತಿ
೧೬ ಫೆಬ್ರವರಿ ೧೯೪೪

ಯಮನಕ್ಕನಿಗೆ, ನನ್ನ ತಾಯಿಗೆ, ವೆಂಕಣ್ಣ ಅಡ್ಡಬಿದ್ದು ಬರೆಯುವುದು.

ನಿನ್ನ ಕಾಗದ ಛತ್ರದ ಕಟ್ಟೆಯ ಮೇಲೆ ಓದಿದೆ. ಒಳಗೆ ಹೋಗಿ ಗೋಪಿಗೆ ಹೇಳಿದೆ. ಸೆರಗು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಆಮೇಲೆ ತಿರುಗಿ, "ಯಕ್ಕ ಹೇಳ್ಯಾಳಂದ್ರ ಖರೇನ ಇರಬೇಕಲ್ಲಾ?" ಎಂದು ಕೇಳಿದಳು. ಖರೇ ಎಂದೆ. ಮುಟ್ಟಿನ ಲೆಕ್ಕ ಅವಳಿಗೆ ಮೊದಲಿಂದಲೂ ಹಿಂದೆ ಮುಂದೆ, ಹೋದ ಸಲ ಯಾವಾಗ ಎಂದು ನೆನಪಿಲ್ಲವಂತೆ. ನೆನಪಿಲ್ಲದಿದ್ದರೆ ಏನಾಯಿತು, ಮೈಯೇ ಹೇಳುತ್ತಿದೆಯಲ್ಲ.

ಬಡಗಿ ಸಿಕ್ಕಿದ್ದರೂ ಗಾಲಿಯ ಕೆಲಸ ಮುಗಿಯುವವರೆಗೆ ಗುತ್ತಿಯಲ್ಲೇ ಉಳಿಯಬೇಕಾಯಿತು. ಆ ದಿನಗಳಲ್ಲಿ ಗೋಪಿಯ ತಲೆನೋವು ಮಾಯ. ಗುಡ್ಡದ ಕೋಟೆ ನೋಡಬೇಕೆಂದು ಹಟ ಮಾಡಿದಳು, ಎರಡು ಮುದ್ದೆ ಉಂಡು ಮೂರನೆಯದಕ್ಕೆ ಕೈ ಚಾಚಿದಳು. ನಿನ್ನೆ ಬಡಗಿಯ ಕೆಲಸ ನೋಡಲು ಗಾಡಿ ಒಂದು ಹರದಾರಿ ಓಡಿಸಿದೆ, ಅವಳೂ ಕೂತಿದ್ದಳು. ಅಷ್ಟಕ್ಕೇ ಮತ್ತೆ ತಲೆ ಹಿಡಿದುಕೊಂಡಳು. ಹೊಟ್ಟೆಯಲ್ಲಿರುವವನಿಗೆ ಮೋಟಾರು ಸೇರುವುದಿಲ್ಲ, ಎತ್ತಿನ ಗಾಡಿಯೇ ಬೇಕೇನೋ ಎಂದು ನಗುತ್ತೇವೆ.

ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಗಾಜಿನ ಸಂದಿಗಳಿಗೆ ಅರಳೆ ತುರುಕಿ ಮೇಣ ಹಚ್ಚಿದೆ. ನೆಲದ ಹಲಗೆಯ ಮೇಲೆ ಎರಡು ಕೌದಿ ಹಾಸಿದೆ. ಬಾಗಿಲು ಹಾಕಿದರೆ ಒಳಗಿನ ದೀಪದ ಕುಡಿ ಅಲುಗುವುದಿಲ್ಲ, ಅಷ್ಟು ಭದ್ರ. ಹೆತ್ತ ತಾಯಿಯೂ ಇಷ್ಟು ಜೋಪಾನ ಮಾಡಲಾರಳು ಎಂದು ಗೋಪಿ ಚೇಷ್ಟೆ ಮಾಡಿದಳು.

ಸ್ಟೇಷನ್ನಿನಲ್ಲಿ ಮಾನ್ವಿಯ ಅರಳೆ ವ್ಯಾಪಾರಿ ಅಬ್ದುಲ್ ವಹೀದ್ ಸಾಹೇಬರು ಸಿಕ್ಕಿದ್ದರು. ರಾಯಚೂರಿನಿಂದ ಬಂದವರು. ಊರ ಮಾತಾಡಿದೆವು. ಅವ್ವ ಆರಾಮ ಎಂದು ನೀನು ಬರೆದಿದ್ದೀ, ನಮಗೆ ಅಷ್ಟು ಸಾಕು.

ನಾಳೆ ಹೊರಡುತ್ತೇವೆ. ತಾಡಪತ್ರಿ ದಾಟಿ, ಕಡಪದಲ್ಲಿ ಕೋಮಟಿಗರ ಛತ್ರ.

ವೆಂಕಣ್ಣ

*

ತಾಡಪತ್ರಿ
೨೧ ಫೆಬ್ರವರಿ ೧೯೪೪

ಯಮನಕ್ಕಾ,

ಇದು ಅವಸರದ ಕಾಗದ. ನಿನ್ನೆ ಊರ ಹೊರಗೆ ಗಾಡಿ ನಿಲ್ಲಿಸಿ ನೀರು ತುಂಬಿಸಿಕೊಳ್ಳಲು ಬಾವಿಗೆ ಹೋಗಿದ್ದೆ. ಬಂದು ಬಾಗಿಲು ತೆಗೆದರೆ ಗೋಪಿ ಸೀಟಿನಿಂದ ಕೆಳಗೆ ಜಾರಿ ಬಿದ್ದಿದ್ದಳು. ಕರೆದರೆ ಓ ಎನ್ನಲಿಲ್ಲ. ಎತ್ತಿಕೊಂಡು ಹೋಗಿ ಬೇವಿನ ಮರದ ಕೆಳಗೆ ಹಾಕಿ ಮುಖಕ್ಕೆ ನೀರು ಚಿಮುಕಿಸಿದೆ. ಬಹಳ ಹೊತ್ತಿನ ಮೇಲೆ ಕಣ್ಣು ಬಿಟ್ಟಳು. ಬಿಟ್ಟವಳು ನನ್ನ ಗುರುತೇ ಹಿಡಿಯದೆ, "ಯವ್ವಾ, ಮಲ್ಲಟಕ್ಕ ಹೋಗೂಣು ನಡಿ," ಎಂದಳು. ನನ್ನ ಜೀವ ಹೋಗಿ ಬಂತು.

ಅಲ್ಲಿ ಕುರಿ ಮೇಯಿಸುವ ಮುದುಕಿಯೊಬ್ಬಳು ನೋಡಿ, ಬಸುರಿಗೆ ಗಾಳಿ ಹೊಡೆದಿದೆ, ಎಲ್ಲೋ ಸಂದಿ ಉಳಿದಿದೆ ಎಂದಳು. ಹುಡುಕಿದೆ. ನಿಜಕ್ಕೂ ಸೀಟಿನ ಹಿಂದೆ ಬೆರಳು ಹೋಗುವಷ್ಟು ಸಂದಿ ಇತ್ತು. ಅದನ್ನೂ ಮುಚ್ಚಿದೆ. ತಾಯತ ಕಟ್ಟಿಸಿದೆ. ಸಂಜೆಯ ಹೊತ್ತಿಗೆ ಎದ್ದು ಕೂತು ಗಂಜಿ ಕುಡಿದು ನನ್ನನ್ನೇ ಅಣಕಿಸಿದಳು, "ಹೆಣ್ಣಿನಂಗ ಅಳ್ತಿದ್ದೆಲ್ಲೋ."

ಬಸಿರಿನಲ್ಲಿ ಹೀಗೂ ಎಚ್ಚರ ತಪ್ಪುತ್ತದೆಯೇ? ನೀನು ಇಂಥವರನ್ನು ದಿನಾ ನೋಡುತ್ತೀ. ಹೌದು ಎಂದು ಒಂದು ಸಾಲು ಬರೆದು ಕಡಪಕ್ಕೆ ಹಾಕು. ನನಗೆ ಹೆದರಿಕೆಯಾಗಿದೆ, ಅಕ್ಕಾ. ರೈಲಿಗೆ ಹತ್ತಿಸಿ ಕಳಿಸಲೇ ಎಂದರೆ ಅವಳು ಕೇಳುವುದಿಲ್ಲ. ದಂಡಿನವರ ನಡುವೆ ಒಬ್ಬಳೇ ಹೇಗೆ ಹೋಗಲಿ ಎನ್ನುತ್ತಾಳೆ. ಅದೂ ನಿಜ.

ವೆಂಕಣ್ಣ

*

ರಾಯಚೂರು
೨೪ ಫೆಬ್ರವರಿ ೧೯೪೪

ವೆಂಕಣ್ಣಾ,

ಈಗ ತಾನೇ ನಿನಗೆ ತಂತಿ ಹೊಡೆಸಿ ಬಂದೆ. ಕಾಗದ ಮುಟ್ಟುವ ಮುಂಚೆ ಅದು ಮುಟ್ಟುತ್ತದೆ. ಆದರೂ ಬರೆಯದೆ ಇರಲಾರೆ. ಅವಸರದಲ್ಲಿ ಗೀಚುತ್ತಿದ್ದೇನೆ, ಅಕ್ಷರ ತಿಳಿಯದಿದ್ದರೆ ಯಾರಿಂದಾದರೂ ಓದಿಸಿಕೋ.

ಗೋಪಿ ಬಸುರಿ ಅಲ್ಲ. ಅದು ಇದ್ದಿಲ ಒಲೆಯ ವಿಷ.

ಮೊನ್ನೆ ಬೆಳಿಗ್ಗೆ ಅರಳೆ ಗಿರಣಿಯ ಕಾವಲುಗಾರ ವಲಿ ಪಾಷಾನನ್ನು ಜೋಳಿಗೆಯಲ್ಲಿ ಹೊತ್ತು ತಂದರು. ಚಳಿಯೆಂದು ಇದ್ದಿಲ ಲಾರಿಯ ಒಳಗೆ ಬಾಗಿಲು ಹಾಕಿಕೊಂಡು ಮಲಗಿದ್ದನಂತೆ, ಹಿಂದೆ ಒಲೆ ಕನಲುತ್ತಿತ್ತು. ಬರುವಾಗಲೇ ಪ್ರಾಣ ಹೋಗಿತ್ತು. ಆದರೆ ಮುಖ ನೋಡಿದರೆ ಸತ್ತವನೆಂದು ಯಾರೂ ಹೇಳುವಂತಿರಲಿಲ್ಲ. ಕೆನ್ನೆ ತುಟಿ ಕೆಂಪಗೆ, ಈಗ ಎದ್ದು ಮಾತಾಡುವವನ ಹಾಗೆ. ಅವನ ಹೆಂಡತಿ ಶಹಜಾದಿ ಬೇಗಂ, "ನಿದ್ದಿ ಮಾಡ್ಯಾರ್ರೀ, ಎಬ್ಬಿಸ್ರೀ," ಎಂದು ನನ್ನ ಕೈ ಹಿಡಿದು ಎಳೆದಳು. ಡಾಕ್ಟರಮ್ಮ ಹೇಳಿದರು: ಇದ್ದಿಲು ಅರೆಬರೆ ಉರಿದಾಗ ಒಂದು ಗಾಳಿ ಬರುತ್ತದೆ, ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆನೋವು. ಆಮೇಲೆ ವಾಂತಿ, ತಲೆಸುತ್ತು, ಕಾಲಲ್ಲಿ ಬಲವಿಲ್ಲ. ಆಮೇಲೆ ನಿದ್ದೆ. ಬಯಲ ಗಾಳಿಗೆ ತಂದರೆ ಬದುಕುತ್ತಾರೆ, ಮುಚ್ಚಿದ ಕೋಣೆಯಲ್ಲಿದ್ದರೆ ಇಲ್ಲ.

ಅವರು ಒಂದೊಂದೇ ಹೇಳುತ್ತಿದ್ದರೆ ನನಗೆ ನಿನ್ನ ಕಾಗದದ ಸಾಲುಗಳೇ ಕೇಳಿಸಿದವು. ಇಲ್ಲ, ನಮ್ಮ ಗೋಪಿಯದು ಬೇರೆ, ಅದು ಬಸಿರೇ ಎಂದು ಎರಡು ದಿನ ನನಗೆ ನಾನೇ ಹೇಳಿಕೊಂಡೆ. ಇಂದು ನಿನ್ನ ತಾಡಪತ್ರಿಯ ಕಾಗದ ಬಂತು. ಗುತ್ತಿಯಲ್ಲಿ ಗಾಡಿ ನಿಂತ ದಿನ ಅವಳು ಚಲೋ ಇದ್ದಳು, ಮರದ ಕೆಳಗೆ ಗಾಳಿಗೆ ಹಾಕಿದಾಗ ಎದ್ದಳು. ಇನ್ನೇನು ಉಳಿಯಿತು? ಸಂದಿ ಮುಚ್ಚು ಎಂದವಳು ನಾನು. ಎಬ್ಬಿಸಬೇಡ ಎಂದವಳು ನಾನು. ದವಾಖಾನೆಯವಳಂತೆ ನಾನು! ನನ್ನ ಬಾಯಿಗೆ ಬೆಂಕಿ ಬೀಳಲಿ.

ಅವಳನ್ನು ಆ ಕೋಣೆಯಲ್ಲಿ ಕೂರಿಸಬೇಡ. ಮುಂದೆ ನಿನ್ನ ಮಗ್ಗುಲಿಗೆ, ಬಯಲಿಗೆ ಕೂರಿಸು. ಗೋಷಾ ಹಾಳಾಗಲಿ. ಇಲ್ಲವೇ ಗಾಡಿಯನ್ನು ಅಲ್ಲೇ ಬಿಟ್ಟು ಇಬ್ಬರೂ ರೈಲು ಹತ್ತಿ ಬನ್ನಿ. ಅಂಚೆ ಬಾಬು ತಂತಿಯನ್ನು ಇಂಗ್ಲಿಷಿನಲ್ಲಿ ಬರೆದ. ನಾನು ಹೇಳಿದ್ದು ಇಷ್ಟೇ: ಒಲೆಯ ಗಾಳಿ ವಿಷ, ಗೋಪಿಯನ್ನು ಮುಚ್ಚಿದ ಗಾಡಿಯಿಂದ ಕೂಡಲೇ ಇಳಿಸು. ಕಡಪದಲ್ಲಿ ಅಂಚೆಯವನೇ ಓದಿ ಹೇಳುತ್ತಾನೆ.

ಇನ್ನೊಂದು ಸುಳ್ಳನ್ನೂ ಹೇಳಿಬಿಡುತ್ತೇನೆ. ಅವ್ವ ಆರಾಮ ಎಂದು ಬರೆದಾಗ ಅವಳು ಆರಾಮ ಇರಲಿಲ್ಲ, ಬಾಯಿಗೆ ನೀರು ಬಿಡುವ ಹಾಗಿತ್ತು. ಬಸುರಿ ಹೆದರುತ್ತಾಳೆಂದು ಮುಚ್ಚಿಟ್ಟೆ. ಈಗ ದೇವರ ದಯದಿಂದ ಎದ್ದು ಕೂತಿದ್ದಾಳೆ. ಇಂದು ಒಂದು ರೊಟ್ಟಿ ಮುರಿದು ಹಾಲಿನಲ್ಲಿ ತಿಂದಳು. ಗೋಪಿಗೆ ಎಷ್ಟು ತಿಂಗಳು ಎಂದು ಕೇಳುತ್ತಾಳೆ. ನಾನು ಏನೂ ಹೇಳಿಲ್ಲ.

ತಂತಿ ಮುಟ್ಟಿದ ಕೂಡಲೇ ಮುಟ್ಟಿತೆಂದು ತಂತಿ ಹೊಡೆ. ಅಂಚೆ ಕಚೇರಿಯ ಕಟ್ಟೆಯ ಮೇಲೆಯೇ ಕೂತಿರುತ್ತೇನೆ.

ಯಮನಮ್ಮ

*

ರೇಣಿಗುಂಟ
೨೭ ಫೆಬ್ರವರಿ ೧೯೪೪

ಯಮನಕ್ಕನಿಗೆ ವೆಂಕಣ್ಣನ ಶರಣು.

ನಿನ್ನ ತಂತಿ ಕಡಪದಲ್ಲಿ ಮುಟ್ಟಿತು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತು, ಅಕ್ಕಾ. ಒಡೆದಿಲ್ಲ. ಅಂಗಿಯ ಒಳಜೇಬಿನಲ್ಲಿದೆ. ನಿನ್ನ ಕಾಗದಕ್ಕೆ ಅಲ್ಲಿ ಕಾಯಲು ದಿನ ಉಳಿದಿರಲಿಲ್ಲ.

ನನ್ನ ಮೇಲೆ ಸಿಟ್ಟಾಗಬೇಡ. ಅವ್ವನ ಸ್ಥಿತಿ ಗುತ್ತಿಯಲ್ಲೇ ನನಗೆ ತಿಳಿದಿತ್ತು. ಅಬ್ದುಲ್ ವಹೀದ್ ಸಾಹೇಬರು, "ಮುದುಕಿ ಇವತ್ತು ನಾಳಿ ಅನ್ನಂಗ ಅದಾಳ, ನಿಮ್ಮಕ್ಕ ಭಾಳ ಒದ್ದಾಡಾಕತ್ತಾಳ," ಎಂದಿದ್ದರು. ನೀನು ಮುಚ್ಚಿಟ್ಟದ್ದು ಗೋಪಿಗಾಗಿ ಎಂದು ತಿಳಿದು ನಾನೂ ಬಾಯಿ ಮುಚ್ಚಿಕೊಂಡೆ. ತಂತಿಯ ಕೆಂಪು ಲಕೋಟೆ ಕಂಡ ಕೂಡಲೇ ತಿಳಿಯಿತು, ಅವ್ವ ಹೋದಳು. ನಮ್ಮಂಥವರ ಮನೆಗೆ ತಂತಿ ಬೇರೆ ಯಾತಕ್ಕೆ ಬರುತ್ತದೆ?

ಅಂಚೆಯವನು ಒಳ್ಳೆಯ ಮನುಷ್ಯ. ನನಗೆ ಇಂಗ್ಲಿಷು ಬಾರದೆಂದು ತಾನೇ ಒಡೆದು ತೆಲುಗಿನಲ್ಲಿ ಹೇಳಲು ಬಂದ. ನಾನು ಎರಡು ಕಿವಿಯಲ್ಲೂ ಬೆರಳಿಟ್ಟುಕೊಂಡೆ. "ಬ್ಯಾಡ್ರಿ ಯಪ್ಪಾ, ನಿಮ್ಮ ಕಾಲಿಗಿ ಬೀಳ್ತೀನಿ, ಬಾಯಿ ಬಿಡಬ್ಯಾಡ್ರಿ!" ಎಂದು ಕೂಗಿ ಲಕೋಟೆ ಕಸಿದುಕೊಂಡು ಓಡಿ ಬಂದೆ. ಅವನು ಹಿಂದೆ ಏನೋ ಕೂಗುತ್ತಲೇ ಇದ್ದ. ಹುಚ್ಚನೆಂದು ತಿಳಿದಿರಬೇಕು.

ನೀನೇ ಹೇಳು. ತವರಿನ ಸಾವು ಕಿವಿಗೆ ಬಿದ್ದರೆ ಮಗಳಿಗೆ ಸೂತಕ, ಮೂರು ದಿನ ಗುಡಿ ಮೆಟ್ಟಿಲು ಹತ್ತುವಂತಿಲ್ಲ. ನಾಡಿದ್ದು ಜಮೀನ್ದಾರರ ಮನೆಯ ಮದುವೆ, ಗಾಡಿ ನಾಳೆಯೇ ಒಪ್ಪಿಸಬೇಕು. ಒಪ್ಪಿಸಿದ ಮೇಲೆ ನಮ್ಮನ್ನು ಅಲ್ಲಿ ಇಟ್ಟುಕೊಳ್ಳುವವರು ಯಾರು? ಎಂಟು ವರ್ಷದ ಹರಕೆ, ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡು ಬೆಟ್ಟದ ಬುಡದಿಂದ ಹಿಂದಕ್ಕೆ ಹೋಗಬೇಕೇ? ಕೇಳದ ಸಾವಿಗೆ ಸೂತಕವಿಲ್ಲ ಎಂದು ಹಿರಿಯರೇ ಹೇಳಿದ್ದಾರೆ. ನಾನು ಕೇಳಿಲ್ಲ, ಓದಿಲ್ಲ. ನಾಳೆ ಗಾಡಿ ಒಪ್ಪಿಸಿ, ಬೆಟ್ಟ ಹತ್ತಿ, ದರ್ಶನ ಮಾಡಿ, ಕೆಳಗೆ ಇಳಿದ ಮೇಲೆ ಒಡೆಯುತ್ತೇನೆ. ಆಗ ನಾನೇ ಗೋಪಿಯನ್ನು ಕೂರಿಸಿಕೊಂಡು ಹೇಳುತ್ತೇನೆ. ಅವ್ವನೂ ಇದನ್ನೇ ಬಯಸುತ್ತಿದ್ದಳು. ಮಣ್ಣಿಗೆ ಬರಲಾಗಲಿಲ್ಲ, ಅದಕ್ಕೆ ನಾನು ಒಬ್ಬನೇ ಅತ್ತಿದ್ದೇನೆ, ಗಾಡಿ ನಡೆಸುತ್ತಾ. ಮುಂದೆ ಕೂತವನ ಮುಖ ಹಿಂದಿನವರಿಗೆ ಕಾಣುವುದಿಲ್ಲ.

ಗೋಪಿಯ ಚಿಂತೆ ಮಾಡಬೇಡ. ಬೆಳಿಗ್ಗೆ ಹೊರಡುವಾಗ ತಲೆನೋವೆಂದು ಬಹಳ ನರಳಿದಳು, ಮುಂದೆ ಗಾಳಿಗೆ ಕೂರುತ್ತೇನೆ ಎಂದು ಹಟ ಮಾಡಿದಳು. ಗುತ್ತಿಗೆ ಬಂದಿದ್ದ ನಿನ್ನ ಕಾಗದ ಮತ್ತೆ ಓದಿ ತೋರಿಸಿ, ಗದರಿಸಿ, ಹಿಂದೆಯೇ ಮಲಗಿಸಿದೆ. ದಾರಿಯಲ್ಲಿ ಒಮ್ಮೆ ನಡುವಿನ ಹಲಗೆ ಬಡಿದಳು. ಊರು ಹತ್ತಿರ ಬಂತೆಂದು ನಾನು ನಿಲ್ಲಿಸಲಿಲ್ಲ. ಆಮೇಲೆ ಸುಮ್ಮನಾದಳು. ಇಲ್ಲಿ ಅಂಚೆ ಕಚೇರಿಯ ಮುಂದೆ ಗಾಡಿ ನಿಲ್ಲಿಸಿ ಬಾಗಿಲು ತುಸು ತೆರೆದು ನೋಡಿದೆ. ಎಷ್ಟು ದಿನದ ಮೇಲೆ ಇಂಥ ನಿದ್ದೆ! ನರಳಿಕೆಯಿಲ್ಲ, ಹೊರಳಾಟವಿಲ್ಲ. ನೀನು ಅವಳ ಮುಖ ನೋಡಬೇಕಿತ್ತು, ಅಕ್ಕಾ. ಕೆನ್ನೆ ತುಟಿ ಎಲ್ಲ ಕೆಂಪಗೆ, ಮದುವೆಯ ದಿನ ಅರಿಸಿನ ಹಚ್ಚಿ ಕೂರಿಸಿದಾಗಲೂ ಇಷ್ಟು ಕಳೆ ಇರಲಿಲ್ಲ. ಬಸಿರಿನ ಕಳೆ ಎಂದು ಇದಕ್ಕೇ ಹೇಳುತ್ತಾರೇನೋ. ಎರಡು ಸಲ ಕರೆದೆ, ಏಳಲಿಲ್ಲ. ಎಬ್ಬಿಸಬೇಡ ಎಂದು ನೀನು ಬರೆದದ್ದು ನೆನಪಾಗಿ, ಕೌದಿ ಕುತ್ತಿಗೆಯವರೆಗೆ ಎಳೆದು, ಬಾಗಿಲು ಭದ್ರ ಮಾಡಿ ಬಂದು ಇದನ್ನು ಬರೆಯುತ್ತಿದ್ದೇನೆ.

ಅಂಚೆಯವನು ಚೀಲ ಕಟ್ಟುತ್ತಿದ್ದಾನೆ, ಬೇಗ ಕೊಡು ಎನ್ನುತ್ತಾನೆ. ಎದುರಿನ ಹೋಟೆಲಿನಲ್ಲಿ ಅವಳಿಗೆ ಬಿಸಿ ಹಾಲು ಹೇಳಿದ್ದೇನೆ. ಅದು ಕಾದ ಮೇಲೆ ಹೋಗಿ ಎಬ್ಬಿಸುತ್ತೇನೆ.

ವೆಂಕಣ್ಣ